ಟಗರಿನ ಸಹಿ

ಅವರ ಅಂಗಿಯ ಬಲತೋಳು ಯಾವಾಗಲೂ ಭುಜದವರೆಗೆ ಮಡಚಿರುತ್ತಿತ್ತು. ಎಡತೋಳಿಗೆ ಮಾತ್ರ ಮಣಿಕಟ್ಟಿನಲ್ಲಿ ಗುಂಡಿ. ಮದುವೆಗೆ ಬಂದರೂ ಹಾಗೆಯೇ, ಸಾಹೇಬರ ಮೀಟಿಂಗಿಗೆ ಹೋದರೂ ಹಾಗೆಯೇ. ದಿನಕ್ಕೆ ಹತ್ತು ಸಲ ಆಕಳು ಎಮ್ಮೆಗಳ ಹೊಟ್ಟೆಯೊಳಗೆ ಹೋಗಿ ಬರುವ ಆ ಬಲಗೈ ಸಾಬೂನು ತಿಕ್ಕಿ ತಿಕ್ಕಿ ಎಡಗೈಗಿಂತ ಬೆಳ್ಳಗಾಗಿತ್ತು. ಪಂಕ್ತಿಯಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂತರೆ ನಗುತ್ತ ಹೇಳುತ್ತಿದ್ದರು: "ಈ ಕೈ ನಿಮ್ಮ ಕೈಗಿಂತ ಸ್ವಚ್ಛ ಐತ್ರಿ. ನೀವು ನೋಟು ಮುಟ್ಟಿ ಬಂದೀರಿ, ನಾ ಬರೇ ಎಮ್ಮಿ ಮುಟ್ಟಿ ಬಂದೀನಿ."

ಅವರು ರೋಣದ ದನದ ದವಾಖಾನೆಯ ಡಾಕ್ಟರು. ನಾನು ಶೇಂಗಾ ವ್ಯಾಪಾರಿ. ಬಸ್ ಸ್ಟ್ಯಾಂಡಿನ ಮುಂದೆ ಕೈಗಾಡಿಯಲ್ಲಿ ಹುರಿದ ಶೇಂಗಾ ಮಾರಿ ಶುರುಮಾಡಿದವನು. ಈಗ ಪೇಟೆಯಲ್ಲಿ ಸ್ವಂತ ಅಂಗಡಿ, ಹಿಂದೆ ಅಂಗಳ. ವ್ಯಾಪಾರ ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಗಜೇಂದ್ರಗಡದಲ್ಲಿ ಸೀರೆ ಕೊಳ್ಳುವಾಗಲೂ ಚೌಕಾಸಿ ಮಾಡಿದ್ದೇನೆ, ನರಗುಂದದಲ್ಲಿ ಮಗಳಿಗೆ ಗಂಡು ನೋಡಲು ಹೋದಾಗಲೂ ಮಾಡಿದ್ದೇನೆ. ನೀವೂ ಮಾಡಿರಿ, ನಾಚಬೇಡಿರಿ. ಮೊದಲ ಮಾತಿಗೆ ಒಪ್ಪಿದವನನ್ನು ಎದುರಿನವನೂ ಗೌರವಿಸುವುದಿಲ್ಲ. ಆದರೆ ಈ ಡಾಕ್ಟರರ ಮುಂದೆ ನನ್ನ ಚೌಕಾಸಿ ಒಂದು ದಿನವೂ ನಡೆಯಲಿಲ್ಲ.

ಅವರಿಗೆ ಒಂದು ಹುಚ್ಚಿತ್ತು. ಯಾರಾದರೂ ಒಳ್ಳೆಯ ಪ್ರಶ್ನೆ ಕೇಳಿದರೆ ಕೂತವರು ಎದ್ದು ನಿಲ್ಲುತ್ತಿದ್ದರು. ಕೈಯಲ್ಲಿ ಚಹಾ ಇದ್ದರೆ ಅದು ಅಲ್ಲೇ ಆರಬೇಕು. "ತಡೀರಿ, ತಡೀರಿ, ತಡೀರಿ!" ಎಂದು ಮೂರು ಸಲ ಹೇಳಿ ಶುರುಮಾಡುತ್ತಿದ್ದರು. ಮಾತಿಗೆ ಬಿಸಿ ಏರಿದಂತೆ ನನ್ನನ್ನು ಕರೆಯುವ ಬಹುವಚನ ಬಿದ್ದುಹೋಗಿ "ನೀ", "ನಿನಗ" ಬರುತ್ತಿತ್ತು. ಆಗ ನನಗೆ ಖುಷಿಯಾಗುತ್ತಿತ್ತು. ಈ ಮನುಷ್ಯ ಈಗ ಏನೋ ಭಾರೀ ಮಾಲು ಬಿಚ್ಚುತ್ತಾನೆ ಎಂದು ಮೈ ಜುಮ್ಮೆನ್ನುತ್ತಿತ್ತು.

ಪುರ್ತಗೇರಿಯಲ್ಲಿರುವ ನಮ್ಮ ಅಕ್ಕನಿಗೂ ಅವರಿಗೂ ಪರಿಚಯವಾದದ್ದು ಒಂದು ಬೆಕ್ಕಿನಿಂದ. ಬೆಕ್ಕಿನ ಮೈ ಬಿಸಿಯಾಗಿದೆ ಎಂದು ಅಕ್ಕ ತಾನು ನುಂಗುವ ಜ್ವರದ ಗುಳಿಗೆಯಲ್ಲಿ ಅರ್ಧ ಮುರಿದು ಹಾಲಿನಲ್ಲಿ ತೇಯ್ದು ಕುಡಿಸಿದ್ದಳು. ಮರುದಿನ ಬುಟ್ಟಿಯಲ್ಲಿಟ್ಟುಕೊಂಡು ರೋಣಕ್ಕೆ ಬಂದಾಗ ಅದರ ಮುಖ ಬಾತಿತ್ತು, ಒಸಡು ಕಂದುಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಮಾಡುವುದೆಲ್ಲ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಬೆಕ್ಕು ಸತ್ತಿತು.

"ನಾನ ಕೊಂದೆ ಏನ್ರಿ ಸಾಹೇಬ್ರ?" ಎಂದು ಅಕ್ಕ ಕೇಳಿದಳು.

"ಇಲ್ಲ ಅಕ್ಕಾರ, ಪ್ರೀತಿಲೇ ಕೊಟ್ಟೀರಿ. ಆ ಗುಳಿಗಿ ನಮ್ಮ ಮೈಯಾಗ ಹೋದ್ರ, ಅದನ್ನ ಗಂಟು ಕಟ್ಟಿ ಹೊರಗ ಹಾಕೂ ಏರ್ಪಾಡು ಒಳಗ ಐತಿ. ಬೆಕ್ಕಿಗೆ ದೇವರು ಆ ಏರ್ಪಾಡು ಸರಿಯಾಗಿ ಕೊಟ್ಟಿಲ್ಲ. ಗಂಟು ಕಟ್ಟಾಕ ಬರೂದಿಲ್ಲ, ಒಳಗ ಉಳಿದು ಸುಡ್ತೈತಿ." ಆಮೇಲೆ ನನ್ನ ಕಡೆ ತಿರುಗಿ, "ನೆನಪಿಡ್ರಿ ಸಾವ್ಕಾರ್ರ, ಬೆಕ್ಕು ಸಣ್ಣ ಮನುಷ್ಯಾ ಅಲ್ಲ. ಮನುಷ್ಯಾ ದೊಡ್ಡ ಇಲಿ ಅಲ್ಲ" ಎಂದರು.

ನಾನು ಹೌದ್ರಿ ಅಂದೆ. ಬೆಕ್ಕಿನ ವಿಷಯ, ನನಗೇನು ಎಂದುಕೊಂಡೆ.

ನಮ್ಮ ಕೆಲವು ವ್ಯಾಪಾರಿಗಳಲ್ಲಿ ಒಂದು ರೂಢಿಯಿತ್ತು. ಕಾಳು ತಂಪು ಹಿಡಿದು ಅನುಮಾನ ಬಂದರೆ ಒಂದು ಟಗರನ್ನು ಕಟ್ಟಿ ಹದಿನೈದು ದಿನ ಅದನ್ನೇ ತಿನ್ನಿಸುವುದು. ಟಗರು ಮಲಗಲಿಲ್ಲ, ಮೇವು ಬಿಡಲಿಲ್ಲ ಎಂದರೆ ಮಾಲು ಪಾಸು. "ಟಗರಿನ ಸಹಿ ಆಗೇತಿ" ಎಂದರೆ ಮುಗಿಯಿತು, ಯಾರೂ ತಿರುಗಿ ಕೇಳುತ್ತಿರಲಿಲ್ಲ. ನಾನಂತೂ ಈ ಪರೀಕ್ಷೆಗೆಂದೇ ಒಂದು ಟಗರು ಸಾಕಿದ್ದೆ. ಕೊಂಬು ಎರಡು ಸುತ್ತು, ಕುತ್ತಿಗೆ ನನ್ನ ತೊಡೆಯಷ್ಟು ದಪ್ಪ.

ಆ ವರ್ಷ ಮಲಪ್ರಭೆ ಏರಿತು. ಹೊಳೆಆಲೂರಿನಲ್ಲಿ ಸ್ಟೇಶನ್ ಹತ್ತಿರ ಬಾಡಿಗೆ ಗೋದಾಮಿನಲ್ಲಿ ನನ್ನ ಶೇಂಗಾ ಕಾಳಿತ್ತು. ನೀರು ಒಳಗೆ ಬರಲಿಲ್ಲ, ಆದರೆ ಕೆಳಗಿನ ಸಾಲಿನ ಚೀಲಗಳು ನೆಲದ ತಂಪು ಎಳೆದುಕೊಂಡವು. ಬಿಚ್ಚಿ ನೋಡಿದರೆ ಅಲ್ಲಲ್ಲಿ ಹಸಿರು ಬೂಷ್ಟು. ತಾಡಪತ್ರಿ ಹಾಸಿ ಬಿಸಿಲಿಗೆ ಒಣಗಿಸಿದೆ, ಕಣ್ಣಿಗೆ ಕಂಡ ಕೆಟ್ಟ ಕಾಳು ಆರಿಸಿ ತೆಗೆಸಿದೆ, ಉಳಿದದ್ದರಲ್ಲಿ ಟಗರಿಗೆ ಹಾಕಿದೆ. ಹದಿನೈದು ದಿನ ಏಕೆ, ಒಂದು ತಿಂಗಳು ತಿಂದಿತು. ತಿಂದು ಇನ್ನಷ್ಟು ಕೊಬ್ಬಿತು. ಅಕ್ಕ ಆಗ ಪುರ್ತಗೇರಿಯಲ್ಲಿ ಎಂಟು ಹೆಂಗಸರನ್ನು ಕೂಡಿಸಿ ಶೇಂಗಾ ಚಟ್ನಿ ಮಾಡಿ ಮಾರುತ್ತಿದ್ದಳು. ಶಾಲೆ ಮಕ್ಕಳ ಹಾಸ್ಟೆಲ್ಲುಗಳಿಗೂ ಹೋಗುತ್ತಿತ್ತು. ಒಂದು ಬೆಳಿಗ್ಗೆ ಆ ಚೀಲಗಳನ್ನು ಟೆಂಪೋದಲ್ಲಿ ಅವಳ ಮನೆಗೆ ಕಳಿಸಿದೆ. ಫೋನಿನಲ್ಲಿ "ಟಗರಿನ ಸಹಿ ಆಗೇತಿ, ಹುರಿಯಾಕ ಹಚ್ಚು" ಎಂದೆ.

ಅದೇ ದಿನ ಟಗರು ಗೋಡೆಗೆ ಗುದ್ದಿ ಕೊಂಬಿನ ಬುಡದಲ್ಲಿ ಗಾಯ ಮಾಡಿಕೊಂಡಿತು. ಡಾಕ್ಟರು ಬಂದರು. ಗಾಯ ತೊಳೆಯುತ್ತಿದ್ದವರು ಅದರ ಮುಂದಿನ ಬುಟ್ಟಿಯಿಂದ ಒಂದು ಕಾಳು ಎತ್ತಿ, ಎರಡು ಹೋಳು ಮಾಡಿ ಮೂಗಿಗೆ ಹಿಡಿದರು.

"ಇದು ಯಾವ ಮಾಲು?"

ನಾನು ಹೆಮ್ಮೆಯಿಂದ ಎಲ್ಲ ಹೇಳಿದೆ. ನದಿ, ಗೋದಾಮು, ಬಿಸಿಲು, ತಿಂಗಳ ಪರೀಕ್ಷೆ. ಉಳಿದ ಚೀಲ ಅಕ್ಕನ ಮನೆ ಮುಟ್ಟಿವೆ ಎಂದೂ ಹೇಳಿದೆ.

"ಮಂದಿಗೆ ಚಟ್ನಿ?"

"ಮತ್ತ? ಟಗರು ನೋಡ್ರಿ, ಹ್ಯಾಂಗೈತಿ ಪೈಲ್ವಾನ ಇದ್ಹಂಗ!"

"ಹಂಗಾದ್ರ ಟಗರುಗಳಿಗೆ ಚಟ್ನಿ ಮಾರ್ರಿ."

ನನಗೆ ಸಿಟ್ಟು ಬಂತು. ಲೆಕ್ಕ ಹಾಕಿ ತೋರಿಸಿದೆ. ಟಗರು ನನ್ನ ಅರ್ಧ ತೂಕ ಇಲ್ಲ, ದಿನಾ ಒಂದು ಸೇರು ತಿಂದಿದೆ. ಮನುಷ್ಯ ರೊಟ್ಟಿಗೆ ಎರಡು ಚಮಚ ಹಚ್ಚಿಕೊಳ್ಳುತ್ತಾನೆ. ತಕ್ಕಡಿಯಲ್ಲಿ ಹಾಕಿದರೆ ಮನುಷ್ಯನಿಗೆ ನೂರು ಪಟ್ಟು ಸಲೀಸು.

"ತಡೀರಿ, ತಡೀರಿ, ತಡೀರಿ!" ಡಾಕ್ಟರು ಎದ್ದರು. ನನ್ನ ರಟ್ಟೆ ಹಿಡಿದು ಅಂಗಡಿಯ ಮುಂದಕ್ಕೆ ಎಳೆದುಕೊಂಡು ಬಂದರು. ಅಲ್ಲಿ ಲಾರಿಯಿಂದ ಕಡಲೆ ಚೀಲ ಇಳಿಯುತ್ತಿದ್ದವು. ಮೇಲೊಬ್ಬ ಹಮಾಲ ಚೀಲ ದೂಡುತ್ತಿದ್ದ, ಕೆಳಗೊಬ್ಬ ಬೆನ್ನು ಕೊಟ್ಟು ಹೊತ್ತುಕೊಂಡು ಹೋಗುತ್ತಿದ್ದ.

"ಅಲ್ಲಿ ನೋಡು. ಮ್ಯಾಲಿನಾಂವ ಲಗೂ ಲಗೂ ದೂಡಿ, ಕೆಳಗಿನಾಂವ ಸಾವಕಾಶ ಆದ್ರ ಏನಾಗ್ತೈತಿ?"

"ಚೀಲ ಕಾಲ ಮ್ಯಾಲ ಬೀಳ್ತಾವ."

"ಹಾಂ! ಬೂಷ್ಟಿನ ವಿಷಕ್ಕ ಅಫ್ಲಾಟಾಕ್ಸಿನ್ ಅಂತಾರ. ಅದು ಲಿವರಿಗೆ ಹೋತಂದ್ರ ಅಲ್ಲಿ ಇಬ್ಬರು ಹಮಾಲರು ಅದಾರ ಅಂತ ತಿಳ್ಕೊ. ಮೊದಲನೇದಾಂವ ಅದನ್ನ ಬಿಚ್ಚತಾನ. ಬಿಚ್ಚಿದ ಕೂಡಲೇ ಅದು ಮೊದಲಿಗಿಂತ ಹರಿತ ಆಗ್ತೈತಿ. ಎರಡನೇದಾಂವ ಅದನ್ನ ಹಿಡದು, ಕಟ್ಟಿ, ಹೊರಗ ಒಗೀಬೇಕು. ಕುರಿ ಜಾತ್ಯಾಗ ಎರಡನೇದಾಂವ ಭಾಳ ಚುರುಕು. ಬಾತುಕೋಳಿ ಮರಿಯಾಗ ಸಾವಕಾಶ, ಅದಕ್ಕ ಚೂರು ವಿಷಕ್ಕ ಸಾಯ್ತೈತಿ. ಇನ್ನೊಂದ ಕೇಳು, ಮಜಾ ಐತಿ. ಸಣ್ಣ ಇಲಿ ತಡಕೊಳ್ತೈತಿ, ದೊಡ್ಡ ಇಲಿ ಲಿವರ್ ಕೆಟ್ಟು ಸಾಯ್ತೈತಿ. ಎರಡೂ ಇಲೀನ! ಇಲಿಗೂ ಇಲಿಗೂ ಲೆಕ್ಕ ಕೂಡೂದಿಲ್ಲ, ನೀ ಟಗರು ಮನುಷ್ಯಾಗ ಕೂಡಸಾಕ ಹೊಂಟಿ!"

ಅವರ ಕಣ್ಣು ಹೊಳೆಯುತ್ತಿದ್ದವು. ಹಮಾಲರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ನಾನೂ ಬಿಡುವವನಲ್ಲ. ಒಂದು ಪಟ್ಟು ಹಾಕಿದೆ.

"ಸಾಹೇಬ್ರ, ಟಗರು ಬದುಕಿದ್ದು ಸಾಕ್ಷಿ ಅಲ್ಲ ಅಂದ್ರ, ಬಾತುಕೋಳಿ ಸತ್ತದ್ದಾದ್ರೂ ಹ್ಯಾಂಗ ಸಾಕ್ಷಿ ಆಗ್ತೈತ್ರಿ? ಅದೂ ಮನುಷ್ಯಾ ಅಲ್ಲಲ್ಲ?"

ಡಾಕ್ಟರು ಆ ಬೆಳ್ಳನೆಯ ಕೈಯಿಂದ ನನ್ನ ಬೆನ್ನಿಗೆ ಎಂಥ ಪೆಟ್ಟು ಹೊಡೆದರೆಂದರೆ ನಾನು ಮುಗ್ಗರಿಸಿದೆ.

"ಶಾಬಾಸ್! ಇದು ಖರೇ ಪ್ರಶ್ನೆ! ಎರಡೂ ಸಾಕ್ಷಿ ಅಲ್ಲ. ಪ್ರಾಣಿ ನಮಗ ತೀರ್ಪು ಕೊಡೂದಿಲ್ಲ, ಬರೇ ಸುಳಿವು ಕೊಡ್ತಾವ. ಯಾವ ಪ್ರಾಣಿ ಬದುಕಿತು ಅಂತ ಕೇಳಬಾರದು, ಯಾಕ ಬದುಕಿತು ಅಂತ ಕೇಳಬೇಕು. ಅದರೊಳಗ ಬದುಕಿಸಿದ್ದು ನಮ್ಮೊಳಗ ಐತೇನು ಅಂತ ನೋಡಬೇಕು. ವಿಜ್ಞಾನಿಗಳು ನೋಡ್ಯಾರ. ನಮ್ಮ ಎರಡನೇ ಹಮಾಲ ಆ ಸಣ್ಣ ಇಲಿಯಷ್ಟು ಚುರುಕಿಲ್ಲ. ಮತ್ತ ಇನ್ನೊಂದು. ನಿನ್ನ ಟಗರು ಮುಂದಿನ ಹಬ್ಬದ ತನಕ ಬದುಕಿದ್ರ ಸಾಕು. ಹಾಸ್ಟೆಲ್ ಹುಡುಗರು ಎಷ್ಟು ವರ್ಷ ಬದುಕಬೇಕು?"

ನಾನು ಚೌಕಾಸಿಗಿಳಿದೆ. ಒಳ್ಳೆಯ ಹತ್ತು ಚೀಲಕ್ಕೆ ಒಂದು ಕೂಡಿಸಿದರೆ? ಇಲ್ಲ. ಇಪ್ಪತ್ತಕ್ಕೆ ಒಂದು? ಇಲ್ಲ. ಎಮ್ಮೆಗೆ ಹಾಕಿದರೆ? "ಹಾಲಿನಾಗ ಬರ್ತೈತಿ." ಪರೀಕ್ಷೆಗೆ ಕಳಿಸಿದರೆ? "ಕಳಸು. ಆದ್ರ ಚೀಲದಾಗ ನಾಕು ಕಾಳು ಕೆಟ್ಟಿದ್ರೂ ಸಾಕು. ನೀ ಕಳಿಸಿದ ಬೊಗಸ್ಯಾಗ ಆ ನಾಕು ಬರದಿದ್ರ?" ಕೊನೆಗೆ ಕೇಳಿದೆ: "ಈ ಚೀಲದಾಗ ವಿಷ ಐತಿ ಅಂತ ಖಾತ್ರಿ ಹೇಳ್ರಿ ನೋಡೂಣು."

"ಖಾತ್ರಿ ನನಗ ಗೊತ್ತಿಲ್ಲ," ಎಂದರು. "ನಿನಗ ಇಲ್ಲ ಅಂತ ಗೊತ್ತೈತೇನು?"

ಎದುರಿನವನು ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡರೆ ಚೌಕಾಸಿ ಮಾಡಲು ಹಿಡಿಕೆಯೇ ಇರುವುದಿಲ್ಲ, ನೋಡಿರಿ.

ಅಕ್ಕನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಡಾಕ್ಟರು ಮೋಟಾರ್ ಸೈಕಲ್ಲು ಶುರುಮಾಡಿ "ಏರು" ಎಂದರು. ಕೆಟ್ಟ ರಸ್ತೆ, ಅವರು ಹಿಂದೆ ಮುಂದೆ ನೋಡದೆ ಓಡಿಸಿದರು. ಗಾಳಿಯಲ್ಲೂ ತಿರುಗಿ ತಿರುಗಿ ನನಗೆ ಕೋಳಿಯ ಲಿವರಿನ ಸಂಗತಿ ಹೇಳುತ್ತಿದ್ದರು. "ಮುಂದ ನೋಡ್ರೀ!" ಎಂದು ನಾನು ಕೂಗುತ್ತಿದ್ದೆ. ಹೆದರಿಕೆ ಒಂದು ಕಡೆ. ಎದೆಯೊಳಗೆ ಮಾತ್ರ ಹೊಸ ಪೇಟೆ ತೆರೆದ ದಿನದ ಸಂಭ್ರಮ. ಇಷ್ಟು ವರ್ಷ ಕಾಳಿನ ಹೊರಗನ್ನಷ್ಟೇ ತೂಗಿದ್ದೆನಲ್ಲ!

ಪುರ್ತಗೇರಿ ಮುಟ್ಟುವಾಗಲೇ ಹುರಿದ ಶೇಂಗಾದ ವಾಸನೆ. ಅಂಗಳದಲ್ಲಿ ಮೂರು ಒಲೆ, ಮೇಲೆ ದೊಡ್ಡ ದೊಡ್ಡ ಬಾಣಲೆ. ಬೆಳ್ಳುಳ್ಳಿ ಸುಲಿಯುತ್ತ ಹೆಂಗಸರು ಹಾಡುತ್ತಿದ್ದರು. ಅಕ್ಕ ಸೌಟು ಹಿಡಿದೇ ಎದ್ದಳು.

"ಏನೋ ತಮ್ಮಾ, ಡಾಕ್ಟರನ್ನ ಕರ್ಕೊಂಡು ಬಂದಿ? ನಮಗೇನು ಬಾಲ ಬಂದಾವೇನು?"

ಹೆಂಗಸರೆಲ್ಲ ನಕ್ಕರು. ನಾನು ವಿಷಯ ಹೇಳಿದೆ. ನಗೆ ನಿಂತಿತು. ಅಕ್ಕನ ಮುಖ ಗಂಟಾಯಿತು. "ನೀನ ಹೇಳಿದಿ, ಟಗರು ತಿಂದೈತಿ ಅಂತ. ಮ್ಯಾಲ ನಾವು ಹುರೀತೀವಿ, ಬೂಷ್ಟು ಉಳೀತೈತೇನು? ನಾಳೆ ಮಾಲು ಕೊಡಬೇಕು. ಎಂಟು ಮಂದಿ ಕೂಲಿ ಬಿಟ್ಟು ಬಂದಾರ ನನ್ನ ನಂಬಿ."

"ಹುರಿದ್ರ ಬೂಷ್ಟು ಸಾಯ್ತೈತಿ ಅಕ್ಕಾರ, ಅದು ಬಿಟ್ಟ ವಿಷ ಎಲ್ಲಾ ಹೋಗೂದಿಲ್ಲ," ಎಂದರು ಡಾಕ್ಟರು. ಅಂಗಡಿಯಲ್ಲಿದ್ದ ಆರ್ಭಟ ಈಗಿರಲಿಲ್ಲ. ಹಮಾಲರ ಕಥೆಯನ್ನೂ ಹೇಳಲಿಲ್ಲ. "ನಿಮ್ಮ ಬೆಕ್ಕು ನೆನಪೈತೇನ್ರಿ?" ಎಂದು ಮಾತ್ರ ಕೇಳಿದರು.

ಅಕ್ಕ ಶಾಲೆ ಕಂಡವಳಲ್ಲ. ಆದರೆ ನಾನು ಒಂದು ತಾಸು ಜಗಳಾಡಿ ತಿಳಿದದ್ದನ್ನು ಅವಳು ಆ ಒಂದೇ ಮಾತಿನಿಂದ ಕೂಡಿಸಿದಳು. "ನನಗ ಪಥ್ಯ ಆದದ್ದು ಅದಕ್ಕ ವಿಷ ಆತು," ಎಂದು ತನ್ನಷ್ಟಕ್ಕೇ ಹೇಳಿದಳು. "ಹಂಗಾದ್ರ ಟಗರಿಗೆ ಪಥ್ಯ ಆದದ್ದು..."

ಸೆರಗಿನಿಂದ ಹಿಡಿದು ಮೊದಲನೆಯ ಬಾಣಲೆ ಇಳಿಸಿದಳು, ಆಮೇಲೆ ಎರಡನೆಯದು, ಮೂರನೆಯದು. ಒಲೆಗೆ ನೀರು ಹಾಕಿದಳು. ಬೆಳ್ಳುಳ್ಳಿ ಸುಲಿಯುತ್ತಿದ್ದ ಒಬ್ಬ ಮುದುಕಿ, "ನಮ್ಮ ಇವತ್ತಿನ ದುಡಿಮಿ ಹೋತಲ್ಲಬೇ" ಎಂದಳು. "ಹೋಗ್ಲಿ, ನನ್ನ ತಮ್ಮ ತುಂಬತಾನ," ಎಂದಳು ಅಕ್ಕ, ನನ್ನ ಮುಖ ನೋಡದೆ. ಅಲ್ಲಿ ಚೌಕಾಸಿ ಮಾಡುವ ಧೈರ್ಯ ನನಗಿರಲಿಲ್ಲ.

ಹುರಿದದ್ದು, ಹಸಿಯದು, ಎಲ್ಲ ಚೀಲಗಳೂ ಇಟ್ಟಂಗಿ ಭಟ್ಟಿಯ ಬೆಂಕಿಗೆ ಹೋದವು. ಕೊನೆಯ ಚೀಲ ಬೀಳುವವರೆಗೆ ಡಾಕ್ಟರು ನಿಂತಿದ್ದರು. ನನ್ನನ್ನು ನಂಬುತ್ತಿರಲಿಲ್ಲ, ನಂಬದೆ ಒಳ್ಳೆಯದನ್ನೇ ಮಾಡಿದರು. ಒಂದು ಚೀಲವನ್ನಾದರೂ ಉಳಿಸುವ ಯೋಚನೆ ನನಗೆ ಬಂದಿತ್ತು.

ಅಂದಿನಿಂದ ನಾನು ಗೋದಾಮಿನಲ್ಲಿ ನೆಲಕ್ಕೆ ಕಟ್ಟಿಗೆಯ ಹಲಗೆ ಹಾಕಿಸದೆ ಒಂದು ಚೀಲವನ್ನೂ ಇಡಿಸಿಲ್ಲ. ನಿಮಗೂ ಹೇಳುತ್ತೇನೆ: ಸುಕ್ಕಿದ ಕಾಳು, ಬಣ್ಣ ಕೆಟ್ಟ ಕಾಳು, ಕಹಿ ಬಂದ ಕಾಳು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿರಿ. ಬಾಯಿಗೆ ಕಹಿ ಬಂದದ್ದನ್ನು ಉಗಿಯಿರಿ, ನುಂಗಬೇಡಿರಿ. ಯಾವ ವ್ಯಾಪಾರಿಯಾದರೂ "ದನ ತಿಂದಾವ, ಏನೂ ಆಗಿಲ್ಲ" ಎಂದರೆ ಅವನ ಅಂಗಡಿಯಿಂದ ಹೊರಗೆ ಬನ್ನಿರಿ. ಆ ಮಾತು ನಾನೇ ಎಷ್ಟು ಸಲ ಆಡಿದ್ದೇನೆ ಎಂಬುದು ನನಗೆ ಗೊತ್ತು.

ಡಾಕ್ಟರು ನಿವೃತ್ತರಾಗಿ ನರಗುಂದಕ್ಕೆ ಹೋದರು. ಹೋದ ವರ್ಷ ತೀರಿಕೊಂಡರು. ರೋಣದ ದವಾಖಾನೆಯ ಅಂಗಳದಲ್ಲಿ ಜನ ಸೇರಿ ಅವರನ್ನು ನೆನೆದರು. ಒಬ್ಬೊಬ್ಬರೂ ಎದ್ದು ಹೇಳಿದರು. ಒಬ್ಬನ ಆಕಳ ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದ ಕರುವನ್ನು ತೆಗೆದದ್ದು, ಇನ್ನೊಬ್ಬನ ಜೋಡೆತ್ತು ಹಾವು ಕಡಿದೂ ಬದುಕಿದ್ದು. ಆ ಎತ್ತುಗಳ ಹೆಸರು ಹೇಳಿ ಅವನು ಅತ್ತ. ನನ್ನ ಸರದಿ ಬಂತು. ಊರೆಲ್ಲ ಕೇಳುವಷ್ಟು ಬಾಯಿ ಇರುವ ನಾನು ಎದ್ದು ನಿಂತು ತಡವರಿಸಿದೆ. ಬದುಕಿದ ಎತ್ತನ್ನು ತೋರಿಸಬಹುದು. ಬರದೇ ಹೋದ ರೋಗವನ್ನು ಯಾರಿಗೆ ತೋರಿಸಲಿ? ಆ ಹಾಸ್ಟೆಲ್ ಹುಡುಗರು ಈಗ ಎಲ್ಲೆಲ್ಲೋ ದೊಡ್ಡವರಾಗಿದ್ದಾರೆ. ತಮಗೆ ಏನು ತಪ್ಪಿತು ಎಂಬುದು ಅವರಿಗೂ ಗೊತ್ತಿಲ್ಲ, ತಪ್ಪಿತೋ ಇಲ್ಲವೋ ಎಂಬುದು ನನಗೂ ಗೊತ್ತಿಲ್ಲ.

"ಆ ವರ್ಷ ನಮ್ಮಕ್ಕನ ಚಟ್ನಿ ತಿಂದು ಯಾರಿಗೂ ಏನೂ ಆಗಲಿಲ್ಲ" ಎಂದೆ.

ಜನ ಮುಂದಿನ ಮಾತಿಗೆ ಕಾದರು. ಹೆಂಗಸರ ಸಾಲಿನಿಂದ ಅಕ್ಕನ ದನಿ ಬಂತು:

"ಅಷ್ಟ ಸಾಕೋ ತಮ್ಮಾ. ಕುಂಡ್ರು."