ಹಾಸಿಗೆ ಮಡಚುವ ತನಕ

ಐವತ್ತೆಂಟನೇ ಇಸವಿಯಲ್ಲಿ ನಾನು ಗೌರಿಬಿದನೂರಿನಲ್ಲಿ ವೈದ್ಯೆಯಾಗಿದ್ದಾಗ, ನಗರಗೆರೆಯ ಸೂಲಗಿತ್ತಿ ಅಮ್ಮಾಜಮ್ಮ ಯಾವ ಬಸುರಿಯನ್ನು ಕಂಡರೂ ಗರ್ಭಕೋಶದ ಪಾಠ ಶುರುಮಾಡುತ್ತಿದ್ದಳು. "ತಿಂಗ್ಳು ತಿಂಗ್ಳೂ ಬಿಸಾಕ್ತಿದ್ದ ಹಾಸಿಗೇನ ಈಗ ಒಳಗೇ ದಪ್ಪಗೆ ಹಾಸ್ಕೊಂಡೈತೆ ಕಣಮ್ಮ, ಕೂಸು ದೊರೆ ಥರ ಮಲಗೈತೆ," ಎಂದು ದೂರದ ತೊಂಡೇಬಾವಿ ಸ್ಟೇಷನ್ನಿಗೂ ಕೇಳುವ ದನಿಯಲ್ಲಿ ಹೇಳುವಳು. ಅವಳು ಹಾಸಿಗೆ ಎನ್ನುತ್ತಿದ್ದ ಗರ್ಭಕೋಶದ ಒಳಪದರದ ಬಗ್ಗೆ ಕಾಲೇಜಿನಲ್ಲಿ ನಾನು ಕಲಿತದ್ದು ಇದಕ್ಕಿಂತ ಹೆಚ್ಚೇನಲ್ಲ. ಹೆರಿಗೆಯಾದ ಮೇಲೆ, ಮಾಸು ಹೂಳಲು ಗುಂಡಿ ತೋಡಿ ನಿಂತವರನ್ನು ಗದರಿಸಿ, ಅದನ್ನು ಬೋಗುಣಿಯ ನೀರಿನಲ್ಲಿ ಬಿಡಿಸಿ, ಆ ಹಾಸಿಗೆಯ ಚೂರೇನಾದರೂ ಒಳಗುಳಿದಿದೆಯೇ ಎಂದು ಸೀರೆ ಕೊಳ್ಳುವವಳಂತೆ ಅಂಚಂಚನ್ನೂ ನೋಡುವಳು. ಉಳಿದರೆ ಬಾಣಂತಿಯ ಜೀವಕ್ಕೇ ಅಪಾಯ. ಅಲ್ಲಿಯವರೆಗೆ ಮಗು ಗಂಡೋ ಹೆಣ್ಣೋ ಹೇಳುತ್ತಿರಲಿಲ್ಲ. ಅತ್ತೆ ಬಾಗಿಲು ಬಡಿದರೆ, "ಹಾಸಿಗೆ ಇನ್ನೂ ಮಡಚಿಲ್ಲ, ಇರಮ್ಮ. ನೀರು ಕಾಯ್ಸು, ಗಾಡಿ ಕಟ್ಸು, ಆಸ್ಪತ್ರೆಗೆ ಬೇಕಾಗ್ಬೋದು," ಎನ್ನುವಳು. ಊರು ನಗುತ್ತಿತ್ತು, ನಾನೂ ಅದನ್ನು ಬರೀ ಗತ್ತು ಎಂದುಕೊಂಡಿದ್ದೆ. ಮಂಗಮ್ಮನಿಗೆ ನಾಲ್ಕನೆಯ ಹೆಣ್ಣು ಹುಟ್ಟಿದ ದಿನ ಕಾರಣ ಕೇಳಿದೆ. ಕೂಸನ್ನು ಒರೆಸುತ್ತ ಅಮ್ಮಾಜಮ್ಮ ಮೊದಲ ಬಾರಿಗೆ ದನಿ ತಗ್ಗಿಸಿದಳು: "ಹೆಣ್ಣು ಅಂದ್ರೆ ಒಲೆ ಆರ್ಸಿ ಹೊಲಕ್ಕೆ ಹೋಗ್ಬಿಡ್ತಾರೆ ಡಾಕ್ಟ್ರಮ್ಮ. ಆಮೇಲೆ ತಾಯನ್ನ ಯಾರು ನೋಡ್ತಾರೆ?" ಹೊರಗೆ ಅತ್ತೆ ಮೂರನೆಯ ಹಂಡೆಗೆ ಸೌದೆ ತುರುಕುತ್ತಿದ್ದಳು.