ಹಿನ್ನೀರಿಗೆ ಇಳಿದ ದಾರಿ

ಒಂಬತ್ತು ದಿನಗಳ ಸೈಕಲ್ ಪ್ರವಾಸದ ಕೊನೆಯ ಬೆಳಿಗ್ಗೆ ನಾನು ಸೈಕಲ್ ಸಮೇತ ನೀರಿಗೆ ಇಳಿಯುವುದರಲ್ಲಿದ್ದೆ. ನಮ್ಮ ಗುಂಪಿನವರಿಗೆ ಇದನ್ನು ಇವತ್ತಿಗೂ ಪೂರ್ತಿಯಾಗಿ ಹೇಳಿಲ್ಲ.

ನಾವು ಆರು ಜನ, ಎಲ್ಲರೂ ಕಿತ್ತೂರು, ಬೈಲಹೊಂಗಲ, ನೇಸರಗಿ ಕಡೆಯವರು, ನಲವತ್ತೈದು ದಾಟಿದವರು. ಕಿತ್ತೂರಿನಿಂದ ಹೊರಟು ಹಂಪಿ ನೋಡಿಕೊಂಡು, ಬಾದಾಮಿ, ರಾಮದುರ್ಗದ ಮೇಲೆ ಹಾಯ್ದು ತಿರುಗಿ ಕಿತ್ತೂರಿಗೇ ಬರಬೇಕು. ಎಲ್ಲರಿಗಿಂತ ಮುಂದೆ ಸುಬೇದಾರರು. ಸೈನ್ಯ ಬಿಟ್ಟು ಹತ್ತು ವರ್ಷವಾಗಿದ್ದರೂ ನಮಗೆ ಅವರು ಸುಬೇದಾರರೇ. ಎಲ್ಲರ ಹಿಂದೆ ನಾನು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಗುಂಪಿನಲ್ಲಿ ಒಬ್ಬಳೇ ಹೆಂಗಸು. ಹಿಂದೆ ಇರುವುದು ಕಾಲಿನಲ್ಲಿ ಕಸುವಿಲ್ಲದ್ದಕ್ಕಲ್ಲ. ಅದು ನನಗೆ ಒಪ್ಪಿಸಿದ ಕೆಲಸ. ಯಾರು ನಿಂತರೂ ನಾನು ನಿಲ್ಲಬೇಕು, ಯಾರೂ ನನ್ನ ಹಿಂದೆ ಉಳಿಯಕೂಡದು.

ಎಂಟನೆಯ ದಿನ ಸಾಲಹಳ್ಳಿ, ಸಿರಸಂಗಿ ದಾಟಿ ಸವದತ್ತಿಯಲ್ಲಿ ತಂಗಿದೆವು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಬೈಲಹೊಂಗಲದ ಕಡೆ ಹೊರಟಾಗ ಮಂಜು ಎಷ್ಟು ಕವಿದಿತ್ತೆಂದರೆ, ಬದಿಯ ಜೋಳದ ಹೊಲ ಮೊದಲ ಸಾಲಿಗೇ ಮುಗಿದುಹೋಗುತ್ತಿತ್ತು. ಒಬ್ಬೊಬ್ಬರ ಸೈಕಲ್ಲಿನ ಹಿಂದಿನ ಕೆಂಪು ದೀಪವೇ ಮುಂದಿನವರ ಗುರುತು.

ಊರು ಬಿಟ್ಟು ಸ್ವಲ್ಪ ದೂರಕ್ಕೆ ನನ್ನ ಚೈನು ಕಳಚಿತು. ಕೂಗಿ ಹೇಳಿದೆ, ಯಾರಿಗೂ ಕೇಳಿಸಲಿಲ್ಲ. ಮರಗಟ್ಟಿದ ಬೆರಳಲ್ಲಿ ಅದನ್ನು ಏರಿಸಿ ತಲೆ ಎತ್ತಿದರೆ, ಮುಂದೆ ಒಂದು ಕೆಂಪು ದೀಪ ನಿಂತಿತ್ತು. ಯಾರೋ ನನಗಾಗಿ ಕಾಯುತ್ತಿದ್ದಾರೆ ಅಂದುಕೊಂಡೆ. ನಾನು ಹತ್ತಿದ ಕೂಡಲೇ ಅದೂ ಹೊರಟಿತು.

"ಸಾವಕಾಶ ಹೋಗ್ರಿ, ನಾನೂ ಬರಾಕ ಹತ್ತೇನಿ," ಅಂದೆ.

ಉತ್ತರ ಬರಲಿಲ್ಲ. ನಾನು ಜೋರಾಗಿ ತುಳಿದರೆ ದೀಪವೂ ಜೋರಾಗುತ್ತಿತ್ತು, ನಿಧಾನಿಸಿದರೆ ನಿಧಾನವಾಗುತ್ತಿತ್ತು. ನಡುವಿನ ಅಂತರ ಮಾತ್ರ ಒಂದೇ ಸಮ. ಅದು ಎಡಕ್ಕೆ ಹೊರಳಿತು, ನಾನೂ ಹೊರಳಿದೆ. ಮುಂದಿನವರು ಹೋದಲ್ಲಿ ಹೋಗುವುದು ಎಂಟು ದಿನದಲ್ಲಿ ಮೈಗೆ ಅಂಟಿಬಿಟ್ಟಿತ್ತು.

ಕೆಳಗಿನ ಡಾಂಬರು ಹಳೆಯದು, ನಡುವೆ ಹುಲ್ಲು ಬೆಳೆದದ್ದು, ಎನ್ನುವುದು ತಡವಾಗಿ ಗೊತ್ತಾಯಿತು. ಗಾಡಿಗಳ ಸಪ್ಪಳ ನಿಂತು ಎಷ್ಟು ಹೊತ್ತಾಗಿತ್ತೋ. ದಾರಿ ಇಳಿಜಾರಾಯಿತು. ಕೆಸರಿನ, ಮೀನಿನ ವಾಸನೆ ಬಂತು. ಆಮೇಲೆ ಮುಂದಿನ ಗಾಲಿಯ ಸದ್ದೇ ಬದಲಾಯಿತು. ಬ್ರೇಕು ಹಿಡಿದು ಕಾಲು ಊರಿದರೆ, ಬೂಟಿನೊಳಗೆ ತಣ್ಣನೆಯ ನೀರು.

ಮಲಪ್ರಭೆಯ ಹಿನ್ನೀರು. ದಾರಿ ನೆಟ್ಟಗೆ ಅದರೊಳಗೆ ಇಳಿದಿತ್ತು. ಕೆಂಪು ದೀಪ ಇನ್ನೂ ನನ್ನೆದುರಿಗಿತ್ತು, ಅದೇ ಅಂತರದಲ್ಲಿ, ಅದೇ ಎತ್ತರದಲ್ಲಿ. ಅದು ನೀರಿನ ಮೇಲೆ ನಿಧಾನವಾಗಿ ದೂರವಾಯಿತು. ನೀರು ಅಲುಗಲಿಲ್ಲ. ಕಡೆಗೆ ಮಂಜು ಅದನ್ನು ಮುಚ್ಚಿಕೊಂಡಿತು.

"ಯವ್ವಾ, ಮುಂದ ಹೋಗಬ್ಯಾಡ. ಅಲ್ಲಿಂದ ಆಚೀಕ ಆಳ ಐತಿ."

ಹಿಂದೆ ಒಬ್ಬ ಮುದುಕಿ ನಿಂತಿದ್ದಳು. ಎರಡು ಎಮ್ಮೆಗಳನ್ನು ನೀರಿಗೆ ಹೊಡೆದುಕೊಂಡು ಬಂದಿದ್ದಳು, ತಲೆಗೆ ಕಂಬಳಿ ಕೊಪ್ಪೆ.

"ಅಮ್ಮಾ, ನನಗಿಂತ ಮುಂಚೆ ಸೈಕಲ್ ಮ್ಯಾಲೆ ಯಾರರೆ ಈ ಕಡೆ ಬಂದ್ರೇನು?"

ಅವಳು ಕೋಲಿನಿಂದ ನೆಲ ತೋರಿಸಿದಳು. ದಂಡೆಯ ಹಸಿ ಮಣ್ಣಿನಲ್ಲಿ ಒಂದೇ ಗಾಲಿಗುರುತು ಇತ್ತು. ಅದು ನನ್ನದು.

"ಇದು ನಮ್ಮೂರ ದಾರಿ," ಅಂದಳು. "ಹೊಳಿಗೆ ಡ್ಯಾಮ್ ಕಟ್ಟಿದ ಮ್ಯಾಲೆ ಊರು ನೀರಾಗ ಹೋತು. ನಾ ಆವಾಗ ಸಣ್ಣಾಕಿ. ಬ್ಯಾಸಗ್ಯಾಗ ನೀರ ಇಳದ್ರ ಗ್ವಾಡಿ ಕಾಣತಾವ."

ಅಷ್ಟಕ್ಕೆ ಸುಮ್ಮನಾಗಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ಎಮ್ಮೆಯ ಬೆನ್ನು ಸವರುತ್ತ ಮತ್ತೆ ಅಂದಳು, "ಸೈಕಲ್ಲಿನವರಷ್ಟ ಬರತಾರ ನೋಡವ್ವಾ. ಮೋಟರದಾಗ ಬಂದವ್ರು ಒಬ್ರೂ ಹಿಂಗ ಬಂದಿಲ್ಲ."

"ಬಂದವ್ರು ಏನ್ಮಾಡ್ತಾರ?"

"ನಾ ಇದ್ರ ಕೂಗತೇನಿ," ಅಂದಳು. "ದಿನಾ ಇರೂದಿಲ್ಲ."

ಸೈಕಲ್ ತಿರುಗಿಸಿ ಏರುದಾರಿಯುದ್ದಕ್ಕೂ ದೂಡಿಕೊಂಡು ಓಡಿದೆ. ಹತ್ತಿ ತುಳಿಯಲು ಧೈರ್ಯವಾಗಲಿಲ್ಲ. ದೊಡ್ಡ ರಸ್ತೆಗೆ ಬಂದಾಗ ಸುಬೇದಾರರು ನನ್ನನ್ನು ಹುಡುಕುತ್ತ ಎದುರಿಗೆ ಬಂದರು.

"ಎಲ್ಲಿ ಹೋಗಿದ್ರಿ ಅಕ್ಕಾರ? ಅರ್ಧಾ ತಾಸಾತು, ಚಾದಂಗಡಿ ಮುಂದ ಎಲ್ಲಾರೂ ಕಾಯಾಕ ಹತ್ತೇವಿ."

"ಚೈನ್ ಕಳಚಿತ್ರಿ. ನನಗೋಸ್ಕರ ಯಾರರೆ ನಿಂತಿದ್ರೇನು?"

"ಇಲ್ರಿ. ಐದೂ ಮಂದಿ ಕೂಡೇ ಬಂದೇವಿ." ಅವರು ನನ್ನ ಒದ್ದೆ ಬೂಟು ನೋಡಿದರು.

ಬೈಲಹೊಂಗಲ ಸಮೀಪಿಸುವಾಗ ಬಿಸಿಲು ಬಿತ್ತು. ಗಿರಮಿಟ್ಟು ತಿಂದೆವು, ಎಲ್ಲರೂ ನಕ್ಕರು, ನಾನೂ ನಕ್ಕೆ. ಕಿತ್ತೂರು ಮೂರು ಮೈಲಿ ಇದೆ ಅನ್ನುವಾಗ ಸುಬೇದಾರರು ನಿಂತು ನನ್ನನ್ನು ಕರೆದರು. "ಒಂಬತ್ತ ದಿನಾ ನಮ್ಮನ್ನ ಕಾದ್ರಿ. ಇನ್ನ ನೀವು ಮುಂದ ನಡೀರಿ."

ಗೌರವದ ಮಾತು, ಇಲ್ಲ ಅನ್ನಲಾಗಲಿಲ್ಲ. ಮುಂದೆ ಹೋದೆ. ಎದುರಿಗೆ ಖಾಲಿ ರಸ್ತೆ, ಬೆನ್ನಿಗೆ ಐದು ಸೈಕಲ್ಲುಗಳ ಸರಸರ. ಬೆಳಿಗ್ಗೆ ಹಚ್ಚಿದ ನನ್ನ ಹಿಂದಿನ ಕೆಂಪು ದೀಪ ಇನ್ನೂ ಉರಿಯುತ್ತಿರಬೇಕು, ಅದನ್ನೇ ನೋಡಿಕೊಂಡು ಇವರು ಬರುತ್ತಿರಬೇಕು ಅನಿಸಿತು. ಇಳಿದು ಅದನ್ನು ಆರಿಸಿದೆ.

ಕಿತ್ತೂರಿನಲ್ಲಿ ಮನೆಯವರೆಲ್ಲ ಹಾರ ಹಿಡಿದು ನಿಂತಿದ್ದರು. ಆರತಿ, ಪೇಢೆ, ಫೋಟೊ ಎಲ್ಲ ಆಯಿತು. ಫೋಟೊ ತೆಗೆಯುವಾಗ ಎರಡು ಸಲ ನಮ್ಮನ್ನು ಎಣಿಸಿದೆ. ಆರೇ ಇದ್ದೆವು.

ಮನೆಗೆ ಬಂದು ಸ್ನಾನ ಮಾಡಿ ಊಟಕ್ಕೆ ಕುಳಿತಾಗ ನನ್ನ ಯಜಮಾನರಿಗೆ ಮಾತ್ರ ನಡೆದದ್ದನ್ನೆಲ್ಲ ಹೇಳಿದೆ. ಇಂಥದ್ದನ್ನು ನಂಬುವವರಲ್ಲ ಅವರು. ನಗುತ್ತಾರೆ ಅಂದುಕೊಂಡಿದ್ದೆ. ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ, "ನಿನಗ ಈಜ ಬರಂಗಿಲ್ಲಲ್ಲ," ಅಂದರು.

"ಇಲ್ಲ," ಅಂದೆ.

ಅವರು ಎದ್ದು ಬಂದು ನನ್ನ ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಕುಳಿತರು.