ಶಿವಲೀಲಾಳ ಒಂದು ಹಾಳೆ

ಸತ್ಯ ಯಾರ ಬಾಯಿಂದ ಬಂದರೂ ವಿದ್ಯಾವಂತನಾದವನು ತಲೆಬಾಗಬೇಕು. ಬಹುಕಾಲ ನಾನೂ ಹೀಗೆಯೇ ನಂಬಿದ್ದೆ. ಅದು ಶಿವಲೀಲಾಳ ಬಾಯಿಂದ ಬರುವವರೆಗೆ.

ಈ ಬೆಳಿಗ್ಗೆ ದಸರೆಗೆಂದು ನನ್ನ ಹೆಂಡತಿ ಗೊಂಬೆಗಳ ಟ್ರಂಕು ತೆರೆದಳು. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆದದ್ದೇ ತಡ, ಹೂಟಗಳ್ಳಿಯ ನಮ್ಮ ಆಫೀಸಿನ ಹಳೆಯದೊಂದು ಮೀಟಿಂಗು ನೆನಪಾಯಿತು. ಗೊಂಬೆಗೂ ಆಫೀಸಿಗೂ ಏನು ಸಂಬಂಧ ಎನ್ನುತ್ತೀರಿ. ಸ್ವಲ್ಪ ತಾಳಿ.

ನಮ್ಮದು ಡೇಟಾಬೇಸ್ ತಯಾರಿಸುವ ಕಂಪನಿ. ಸಾಲು, ಕಾಲಂಗಳ ದೊಡ್ಡ ದೊಡ್ಡ ಪಟ್ಟಿಗಳನ್ನಿಡುವ ಉಗ್ರಾಣ ಎಂದುಕೊಳ್ಳಿ. ಅದರೊಳಗೆ ಸಾಲುಗಳನ್ನು ಜೋಡಿಸಿಡುವ ಭಾಗವನ್ನು ಬರೆದವನು ನಾನೇ. ವಿಷಯ ಬಂದಾಗಲೆಲ್ಲ, ಬಾರದಿದ್ದಾಗಲೂ, ಇದನ್ನು ಹೇಳುತ್ತಿದ್ದೆ. ಅದು ಬಹಳ ಜಾಗ ತಿನ್ನುತ್ತದೆಂದು ದೂರು ಬಂತು. ಸುಧಾರಣೆಗೆ ಯೋಜನೆ ಬರೆಯಿರಿ, ಯಾರದು ಒಪ್ಪಿಗೆಯಾಗುತ್ತದೋ ಕೆಲಸದ ಮುಂದಾಳತ್ವ ಅವರದು ಎಂದರು ನಮ್ಮ ಮ್ಯಾನೇಜರ್ ಮರಿಸ್ವಾಮಿ. ನಾನು ನಲವತ್ತು ಪುಟ ಬರೆದೆ. ಮುನ್ನುಡಿಯೇ ಆರು ಪುಟ. ಕೆಲಸಕ್ಕೆ ಸೇರಿ ವರ್ಷವೂ ತುಂಬದ ಶಿವಲೀಲಾ ಮೀಟಿಂಗಿಗೆ ಒಂದು ಹಾಳೆ ತಂದಳು.

“ನಮ್ಮನೇಲಿ ಗೊಂಬೆ ಟ್ರಂಕು ತುಂಬೋವಾಗ ಪಟ್ಟದ ಗೊಂಬೆ ಮೊದ್ಲು, ಚಿಕ್ಕವು ಆಮೇಲೆ ಸಾರ್. ನಾವಿಲ್ಲಿ ಒಂದು ಚಿಕ್ಕದು, ಒಂದು ದೊಡ್ಡದು ಅಂತ ಇಟ್ಟು ಮಧ್ಯೆ ಬರೀ ಗಾಳಿ ತುಂಬ್‌ಬುಟ್ಟಿದೀವಿ.”

ನಿಜವೇ. ಕಂಪ್ಯೂಟರಿನ ನೆನಪಿನ ಜಾಗವೆಂದರೆ ಚೌಕಾಬಾರದ ಹಾಗೆ ಸಾಲು ಮನೆಗಳು; ದೊಡ್ಡ ಸಂಖ್ಯೆ ಎಂಟೆಂಟು ಮನೆಗಳ ಗಡಿಯಿಂದಲೇ ಶುರುವಾಗಬೇಕು. ಅದಕ್ಕಿಂತ ಮೊದಲು ಒಂದೇ ಮನೆ ಸಾಕಾಗುವ ‘ಹೌದು-ಇಲ್ಲ’ ಕಾಲಂ ಕೂತಿದ್ದರೆ ನಡುವೆ ಏಳು ಮನೆ ಖಾಲಿ. ಬಳಸುವವರು ಕಾಲಂಗಳನ್ನು ಬರೆದ ಕ್ರಮದಲ್ಲೇ ನಾನು ಇಡುತ್ತಾ ಹೋಗಿದ್ದೆ. ಒಳಗೆ ದೊಡ್ಡವನ್ನು ಮೊದಲಿಟ್ಟು, ಕೇಳಿದಾಗ ಅವರ ಕ್ರಮದಲ್ಲೇ ತೋರಿಸಿದರಾಯಿತು ಎಂಬುದು ಅವಳ ಯೋಜನೆ. ನನಗೆ ಹೊಳೆಯಲಿಲ್ಲವೆಂಬುದಕ್ಕಿಂತ ಅವಳಿಗೆ ಅದು ಗೊಂಬೆ ಜೋಡಿಸುತ್ತಾ ಹೊಳೆಯಿತಲ್ಲ ಎಂಬುದೇ ಹೆಚ್ಚು ಉರಿಯಿತು. ನಮ್ಮ ಮನೆಯಲ್ಲೂ ಗೊಂಬೆಗಳಿದ್ದವು. ಹೆಂಡತಿ ಅವನ್ನು ತುಂಬುವಾಗ ನಾನು ಪೇಪರ್ ಓದುತ್ತಿದ್ದೆ.

ಪರೀಕ್ಷಿಸಿ ನೋಡಿ ಎಂದು ಮರಿಸ್ವಾಮಿ ಅವಳ ಯೋಜನೆಯನ್ನು ನನಗೇ ಒಪ್ಪಿಸಿದರು. ನ್ಯಾಯಾಧೀಶರ ಗಾಂಭೀರ್ಯದಿಂದ ಎರಡು ದಿನ ಹುಡುಕಿ, ಚಿಕ್ಕ ಕಾಲಂ ಒಂದೂ ಇಲ್ಲದ ಪಟ್ಟಿಯನ್ನು ಆರಿಸಿದೆ. ‘ಚೂರೂ ಜಾಗ ಉಳಿತಾಯವಾಗಲಿಲ್ಲ’ ಎಂದು ವರದಿ ಕೊಟ್ಟೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಶಿವಲೀಲಾ ಓದಿದಳು. “ಈ ಪಟ್ಟೀಲಿ ಚಿಕ್ಕ ಗೊಂಬೇನೇ ಇಲ್ವಲ್ಲ ಸಾರ್!”

“ಏನ್ರೀ, ಹುಡುಕಿ ಹುಡುಕಿ ತಂದ್‌ಬುಟ್ರಾ?” ಎಂದು ಮರಿಸ್ವಾಮಿ ನನ್ನ ಕಡೆ ತಿರುಗಿದರು. ನಾನು ಕನ್ನಡಕ ಒರೆಸತೊಡಗಿದೆ.

“ಇರ್ಲಿ ಬುಡಿ ಸಾರ್, ಇದೂ ಬೇಕಿತ್ತು. ಎಲ್ಲಿ ಉಪಯೋಗ ಇಲ್ಲ ಅಂತ ನಾನು ಬರ್ದೇ ಇರ್ಲಿಲ್ಲ,” ಎಂದವಳು ಹಾಳೆಯ ಕೆಳಗೆ ಅದನ್ನು ಸೇರಿಸಿ, ಪಕ್ಕದಲ್ಲಿ ನನ್ನ ಹೆಸರನ್ನೂ ಕೃತಜ್ಞತೆಯೊಂದಿಗೆ ಬರೆದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲಿಯವರೆಗೆ ಅವಳ ಬುದ್ಧಿಯ ಮೇಲಷ್ಟೇ ಇದ್ದ ಹೊಟ್ಟೆಕಿಚ್ಚು, ಅಂದಿನಿಂದ ಒಳ್ಳೆಯತನದ ಮೇಲೂ ಶುರುವಾಯಿತು.

ಈಗ ನಾನು ಏನೇ ಬರೆದರೂ ಮೊದಲು ಒಯ್ಯುವುದು ಅವಳ ಮೇಜಿಗೇ. ಅವಳು ತಿದ್ದಿದ ಮೇಲೆ ಅದು ಚೆನ್ನಾಗಿಯೇ ಇರುತ್ತದೆ. ಕಿಚ್ಚು ಆರದಿರಲು ಅದೂ ಒಂದು ಕಾರಣ. ಅವಳ ಕ್ರಮ ಮುಂದಿನ ಆವೃತ್ತಿಯಲ್ಲೇ ಜಾರಿಗೆ ಬಂತು. ನಮ್ಮ ವಿಭಾಗದ ಮುಖ್ಯಸ್ಥೆ ಈಗ ಶಿವಲೀಲಾ.